ಅಸಮಾನತೆಯನ್ನು ಅಳೆಯಲು ಕಲಿಸುವ ಗೋವಂಡಿ

ವಿಠ್ಠಲವಾಡಿಯಿಂದ ಲೋಕಲ್ ಹಿಡಿದು ಕುರ್ಲಾದಲ್ಲಿ ಹಾರ್ಬರ್ ಲೈನಿಗೆ ಬದಲಾಯಿಸಿದರೆ ಗೋವಂಡಿ ದೂರವೇನಲ್ಲ. ಹಳಿಯ ಒಂದು ಕಡೆ ದೇವನಾರದ ಕಸದ ಗುಡ್ಡ, ಅದರ ಬುಡದಲ್ಲಿ ಶಿವಾಜಿನಗರ, ಬೈಂಗನವಾಡಿಯ ಇಕ್ಕಟ್ಟಾದ ಗಲ್ಲಿಗಳು. ಇನ್ನೊಂದು ಕಡೆ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಅಂದರೆ ಐಐಪಿಎಸ್. 2009ರ ಮುಂಬೈ ಮಾನವ ಅಭಿವೃದ್ಧಿ ವರದಿಯಲ್ಲಿ ಎಲ್ಲಕ್ಕಿಂತ ಕೆಳಗಿದ್ದದ್ದು ಇದೇ ಎಂ-ಪೂರ್ವ ವಾರ್ಡು. ಯಾರ ಮಗು ಬದುಕುತ್ತದೆ, ಯಾರ ಮಗು ಸೊರಗುತ್ತದೆ ಎಂದು ಲೆಕ್ಕಹಾಕುವುದನ್ನು ಕಲಿಯಲು ಬಂದವರಿಗೆ ಮೊದಲ ಪಾಠ ಸ್ಟೇಷನ್ನಿನಲ್ಲೇ ಸಿಗುತ್ತದೆ.

ಭಾರತ ಸರ್ಕಾರ, ವಿಶ್ವಸಂಸ್ಥೆ ಮತ್ತು ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಕೈಜೋಡಿಸಿ 1956ರಲ್ಲಿ ಕಟ್ಟಿದ ಸಂಸ್ಥೆಯಿದು. 1985ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಸ್ನಾತಕೋತ್ತರ ಪದವಿಯಿಂದ ಪಿಎಚ್‌ಡಿವರೆಗೆ ಇಲ್ಲಿ ಓದಬಹುದು. ಏಷ್ಯಾದ ಬೇರೆ ದೇಶಗಳವರೂ ಇಲ್ಲಿ ಕಲಿತು ಹೋಗಿದ್ದಾರೆ.

ದೇಶಕ್ಕೆ ಇದರ ಪರಿಚಯವಿರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ. ಮೊದಲ ಸುತ್ತು ನಡೆದದ್ದು 1992–93ರಲ್ಲಿ. 2019–21ರ ಐದನೇ ಸುತ್ತು 707 ಜಿಲ್ಲೆಗಳ ಸುಮಾರು 6.37 ಲಕ್ಷ ಮನೆಗಳನ್ನು ಮುಟ್ಟಿತು. ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎರಡು ವರ್ಷ ತುಂಬದ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯುತ್ತಾರೆ. ದೊಡ್ಡ ಮಗುವನ್ನು ನಿಲ್ಲಿಸಿ ಎತ್ತರ ಅಳೆಯುತ್ತಾರೆ. ವರ್ಷ ತುಂಬದ ಕೂಸಿನ ಹಿಮ್ಮಡಿಯಿಂದ, ದೊಡ್ಡವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಐದನೇ ಸುತ್ತಿನಲ್ಲಿ ಹಿಮೊಗ್ಲೋಬಿನ್ ನೋಡಿದರು. ಅಳುವ ಮಗು ಕಾಲು ಮಡಚಿಕೊಂಡರೆ ಉದ್ದ ತಪ್ಪುತ್ತದೆ. ಬೆರಳನ್ನು ಗಟ್ಟಿಯಾಗಿ ಹಿಂಡಿದರೆ ರಕ್ತ ತೆಳುವಾಗಿ, ಇಲ್ಲದ ರಕ್ತಹೀನತೆ ಕಾಣಿಸುತ್ತದೆ.

ಸಂಶೋಧನೆಗೆ ದಾರಿ ತೋರುವ ಗೈಡ್ ಎಂಬ ಹಿರಿಯರು ಬೇಕಾಗುವುದು ಇಂಥಲ್ಲೇ. ಸಾಫ್ಟ್‌ವೇರ್ ಕಲಿಯಲು ಪುಸ್ತಕ ಸಾಕು. ಬೀಗ ಹಾಕಿದ ಮನೆಗಳು ಯಾರವು, ಗುಳೆ ಹೋದವರು ಯಾವ ಊರಿನ ಲೆಕ್ಕದಲ್ಲಿ ಬರುತ್ತಾರೆ, ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆ ಕೊಟ್ಟ ಉತ್ತರವನ್ನು ಎಷ್ಟು ನಂಬಬೇಕು, ಇವನ್ನೆಲ್ಲ ಕೇಳಿಕೊಳ್ಳುವ ಅಭ್ಯಾಸ ಬರುವುದು ಫೀಲ್ಡಿನಲ್ಲಿ ಬಿಸಿಲುಂಡವರ ಜೊತೆ ಕೂತು ಕರಡು ತಿದ್ದಿಸಿಕೊಂಡಾಗ. ಒಳ್ಳೆಯ ಗೈಡ್ ಶಿಷ್ಯರ ಟೇಬಲ್‌ಗಳನ್ನು ಒಪ್ಪುವ ಮೊದಲು, ಅವುಗಳಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳುತ್ತಾರೆ. ಯುವ ವಿಜ್ಞಾನಿಗೆ ಫೆಲೋಶಿಪ್ಪಿನಷ್ಟೇ, ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ಬೆಲೆಯ ಕೊಡುಗೆ ಇದು.

ಸರಾಸರಿಯಲ್ಲಿ ಯಾರು ಮರೆಯಾಗುತ್ತಾರೆ ಎಂಬುದಕ್ಕೆ ನಮ್ಮ ಕರ್ನಾಟಕವನ್ನೇ ನೋಡಿ. ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳು ನಾಲ್ಕನೇ ಸುತ್ತಿನಲ್ಲಿ ಶೇ 36.2, ಐದನೆಯದರಲ್ಲಿ ಶೇ 35.4. ದೇಶದ ಸರಾಸರಿ ಶೇ 38.4ರಿಂದ 35.5ಕ್ಕೆ ಇಳಿಯಿತು, ನಾವು ಹೆಚ್ಚುಕಡಿಮೆ ನಿಂತಲ್ಲೇ ನಿಂತೆವು. ಈ ಸರಾಸರಿಯಡಿ ಯಾದಗಿರಿಯ ಮಗುವೂ ಮಂಗಳೂರಿನ ಮಗುವೂ ಒಂದೇ ಆಗಿಬಿಡುತ್ತವೆ. ಈ ಸಮೀಕ್ಷೆಯಲ್ಲಿ ಜಿಲ್ಲಾವಾರು ಅಂಕಿ ಸಿಗತೊಡಗಿದ್ದು 2015–16ರ ನಾಲ್ಕನೇ ಸುತ್ತಿನಿಂದ. ಆಮೇಲೆ ಆ ಅಂತರವನ್ನು ಯಾರೂ ಮುಚ್ಚಿಡುವಂತಿಲ್ಲ.

ಈ ವಿದ್ಯೆಗೆ ಕನ್ನಡನಾಡು ಹೊಸದಲ್ಲ. 1950ರ ದಶಕದ ಆರಂಭದಲ್ಲೇ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ಸಂಸ್ಥಾನದಲ್ಲಿ ಜನಸಂಖ್ಯಾ ಅಧ್ಯಯನ ನಡೆಸಿ, 1961ರಲ್ಲಿ ವರದಿ ತಂದಿದ್ದವು. ಕೇಂದ್ರ ಆರೋಗ್ಯ ಸಚಿವಾಲಯದ ಜನಸಂಖ್ಯಾ ಸಂಶೋಧನಾ ಕೇಂದ್ರಗಳಲ್ಲಿ ಎರಡು ನಮ್ಮಲ್ಲಿವೆ: ಧಾರವಾಡದ ಜೆಎಸ್‌ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ ಒಂದು, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ (ಐಸೆಕ್) ಇನ್ನೊಂದು.

ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಸ್ಟ್ಯಾಟಿಸ್ಟಿಕ್ಸ್, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುತ್ತಿರುವ ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಹಿಂದಿ ಆಡುವ ಈ ಮಕ್ಕಳು ಬಾಗಿಲು ತಟ್ಟಿ ಮಾತಾಡಿಸುವ ಕೆಲಸಕ್ಕೆ ಹೇಳಿಮಾಡಿಸಿದವರು. ಬ್ಯಾಂಕು, ಐಟಿ ಎನ್ನುವ ತಂದೆತಾಯಂದಿರು ಈ ದಾರಿಯನ್ನೂ ಅವರ ಕಿವಿಗೆ ಹಾಕಲಿ.