ಹೊಗೆ ಇಳಿದ ಹುಲ್ಲುಗಾವಲು

ಅಮೆರಿಕದ ಮೊಂಟಾನಾ ರಾಜ್ಯದ ಡಿಯರ್ ಲಾಡ್ಜ್ ಕಣಿವೆ. ಪಡುವಣಕ್ಕೆ, ಬೇಸಿಗೆ ಬಂದರೂ ಬೇಗ ಹಿಮ ಕರಗದ ಬೆಟ್ಟಸಾಲು. ತಗ್ಗಿನಲ್ಲಿ ಕ್ಲಾರ್ಕ್ ಫೋರ್ಕ್ ನದಿ, ಅದರ ದಂಡೆಯುದ್ದಕ್ಕೂ ವಿಲೋ ಪೊದೆ, ಕಾಟನ್‌ವುಡ್ ಮರ. ಅಲ್ಲಿಂದಾಚೆ ಹುಲ್ಲು, ಹುಲ್ಲು, ಬರೀ ಹುಲ್ಲು. ಅದರ ನಡುವೆ ಹಸಿರು ಕಿಟಕಿಗಳ ಒಂದು ಬಿಳಿ ಮನೆ.

ಜಾನಿ ಗ್ರಾಂಟ್ 1862ರಲ್ಲಿ ಕಟ್ಟಿಸಿದ ಆ ಮನೆಯನ್ನು 1866ರಲ್ಲಿ ಕೊಂಡವನು ಕಾನ್ರಾಡ್ ಕೋರ್ಸ್. ಜರ್ಮನ್ ಮೂಲದವನು. ಚಿನ್ನದ ಆಸೆಗೆ ಬ್ಯಾನಕ್ ಎಂಬ ಗಣಿ ಊರಿಗೆ ಬಂದು, ಕೊನೆಗೆ ಹೊಟ್ಟೆಪಾಡಿಗೆ ಮಾಂಸದಂಗಡಿಯಲ್ಲಿ ಕೆಲಸಕ್ಕೆ ನಿಂತ. ಚಿನ್ನ ತೊಳೆಯುವುದಕ್ಕಿಂತ, ತೊಳೆಯುವವರ ಹೊಟ್ಟೆ ತುಂಬಿಸುವುದೇ ಲಾಭ ಎಂದು ಅಲ್ಲೇ ಅವನಿಗೆ ಗೊತ್ತಾಯಿತು. ಮುಂದೆ ಅವನ ದನಗಳು ಮೇಯುವ ಬಯಲು 1 ಕೋಟಿ ಎಕರೆಯವರೆಗೂ ಹಬ್ಬಿತು. ಬಹುಪಾಲು ಸರ್ಕಾರದ ನೆಲ. ಅದಕ್ಕೂ ಮೊದಲು ಸೇಲಿಶ್ ಮುಂತಾದ ಮೂಲನಿವಾಸಿಗಳದು, ಅವರನ್ನು ಕೇಳಿದವರು ಯಾರೂ ಇಲ್ಲ. ಬೇಲಿಯಿಲ್ಲ, ಕಂದಾಯವಿಲ್ಲ. ದನದ ಮೈಮೇಲೆ ಹಾಕಿದ ಬರೆಯೇ ಪಹಣಿ.

ಹೀಗೆ ಗಣಿಯ ಹಸಿವೇ ದನಗಾರರನ್ನು ದೊರೆಗಳನ್ನಾಗಿ ಮಾಡಿತು. ಕೋರ್ಸ್ ತಾನೂ ಗಣಿಗಳಲ್ಲಿ ದುಡ್ಡು ಹೂಡಿದ್ದ. ಮುಂದೆ ಗಣಿಯವರಿಗೂ ದನಗಾರರಿಗೂ ಹುಟ್ಟಿದ ಜಗಳ ಎಲ್ಲಿಂದಲೋ ಬಂದ ಪರಕೀಯರ ನಡುವಿನದಲ್ಲ, ಕೊಟ್ಟು ತೆಗೆದುಕೊಂಡು ಬದುಕಿದವರ ನಡುವಿನದು.

ಬ್ಯೂಟ್ ಎಂಬ ಗಣಿ ಊರಿನ ಬೆಟ್ಟದ ತಾಮ್ರದ ಅದಿರು ಕರಗಿಸಲು ಮಾರ್ಕಸ್ ಡೇಲಿ 1883ರಲ್ಲಿ ಅನಕೊಂಡ ಎಂಬ ಊರನ್ನೇ ಕಟ್ಟಿದ. 1902ರ ಆರಂಭದಲ್ಲಿ ಅಲ್ಲಿ ವಾಶೋ ಎಂಬ ಭಾರಿ ಕಾರ್ಖಾನೆ ಶುರುವಾಯಿತು. ಅದೇ ವರ್ಷ ಕಣಿವೆಯಲ್ಲಿ ದನ, ಕುರಿ, ಕುದುರೆ ಸಾಯತೊಡಗಿದವು. ಗಂಧಕದ ಘಾಟು ಮೂಗಿಗೆ ಬಡಿಯುತ್ತಿತ್ತು. ಅದರ ಜೊತೆ ಬಂದ ಪಾಷಾಣ (ಆರ್ಸೆನಿಕ್) ಸದ್ದಿಲ್ಲದೆ ಹುಲ್ಲಿನ ಮೇಲೆ ಕೂರುತ್ತಿತ್ತು. ತಲೆ ತಗ್ಗಿಸಿ ಮೇಯುವ ಕುದುರೆಯ ಮೂಗಿನ ಹೊಳ್ಳೆಯೊಳಗೆ ಹುಣ್ಣು. ಕಾರ್ಖಾನೆಯ ಕಂಪನಿ ಪರಿಹಾರ ಕೊಟ್ಟು, ಗುಡ್ಡದ ಮೇಲೆ ಎತ್ತರದ ಚಿಮಣಿ ಎಬ್ಬಿಸಿತು. ಅದರಿಂದ ಆದದ್ದಿಷ್ಟೇ: ಹತ್ತಿರ ಬೀಳುತ್ತಿದ್ದ ವಿಷ ಇನ್ನೂ ದೂರಕ್ಕೆ ಹೋಗಿ ಬಿತ್ತು.

1905ರಲ್ಲಿ ಫ್ರೆಡ್ ಬ್ಲಿಸ್ ಎಂಬ ರೈತ ಕಣಿವೆಯವರ ಪರವಾಗಿ ಕೋರ್ಟಿಗೆ ಹೋದ. ಸಾಕ್ಷಿಗಳ ಹೇಳಿಕೆಯೇ ಸುಮಾರು 25,000 ಪುಟ. ಸತ್ತ ಕುದುರೆಯ ಕರುಳು ನೋಡಿ ರೈತರ ಪಶುವೈದ್ಯರು ಪಾಷಾಣ ಎಂದರೆ, ಕಂಪನಿಯ ಪಂಡಿತರು ರೋಗ, ಮೇವಿನ ಕೊರತೆ ಎಂದರು. 1909ರಲ್ಲಿ ನ್ಯಾಯಾಧೀಶ ವಿಲಿಯಂ ಹಂಟ್ ಕಾರ್ಖಾನೆ ನಿಲ್ಲಿಸಲು ಒಪ್ಪಲಿಲ್ಲ. ನಿಂತರೆ ಬ್ಯೂಟ್, ಅನಕೊಂಡ ಎರಡೂ ಊರು ಮುಳುಗುತ್ತವೆ ಎಂಬುದು ತೀರ್ಪಿನ ತಿರುಳು. ಲೆಕ್ಕವೇನೋ ಸರಿ. ಆದರೆ ಹೆಚ್ಚು ಹಣ ಯಾರದು ಎಂದು ತೂಗುವ ತಕ್ಕಡಿಯಲ್ಲಿ ಹುಲ್ಲಿನ ತಟ್ಟೆ ಎಂದಾದರೂ ಕೆಳಗಿಳಿದೀತೇ? ಮುಂದೆ ಎಷ್ಟೋ ರೈತರಿಂದ ಕಂಪನಿ ಜಮೀನನ್ನೇ ಕೊಂಡಿತು. ಉಳಿದ ಕೆಲವರಿಂದ ಅವರ ಹೊಲದ ಮೇಲೆ ಹೊಗೆ ಬಿಡುವ ಹಕ್ಕನ್ನು ಬರೆಸಿಕೊಂಡಿತು.

ಹೊಗೆ ಮೇಲಿನಿಂದ ಬಂತು, ಕೆಸರು ನೀರಿನಲ್ಲಿ ಬಂತು. 1908ರ ಜೂನ್ ಪ್ರವಾಹ ಅದಿರು ಅರೆದುಳಿದ ರಾಡಿಯನ್ನು ಹೊತ್ತು ತಂದು ನದಿಯ ದಂಡೆಗೆಲ್ಲ ಮೆತ್ತಿತು. ಕೋರ್ಸನ ದನ ಮೇಯುತ್ತಿದ್ದ ತೀರದಲ್ಲೂ ಬೋಳು ತೇಪೆಗಳೆದ್ದವು. ಸ್ಥಳೀಯರು ಅವನ್ನು ಸ್ಲಿಕನ್ಸ್ ಎನ್ನುತ್ತಾರೆ. ಬಿಸಿಲು ಏರಿದಾಗ ಆ ಮಣ್ಣಿನ ಮೇಲೆ ಮೈಲುತುತ್ತದ ಬಣ್ಣದ ಉಪ್ಪು ಕೆನೆಗಟ್ಟುತ್ತದೆ. ನೋಡಲು ಚೆಂದ. ಮಳೆ ಬಂದು ಅದು ನದಿಗಿಳಿದರೆ ಮೀನು ಸಾಯುತ್ತವೆ.

ಕೋರ್ಸನ ಮನೆ, ಕೊಟ್ಟಿಗೆ 1972ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾದವು. ಅಲ್ಲಿ ಈಗಲೂ ದನಗಳಿವೆ, ನೋಡಲು ಜನ ಬರುತ್ತಾರೆ. ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದರ 585 ಅಡಿ ಎತ್ತರದ ಕೊನೆಯ ಚಿಮಣಿಯೂ ಈಗ ಸರ್ಕಾರಿ ಉದ್ಯಾನವೇ. ಆದರೆ ಅದರ ಬುಡಕ್ಕೆ ಹೋಗಲು ಯಾರನ್ನೂ ಬಿಡುವುದಿಲ್ಲ. ಸುತ್ತಲಿನ ಮಣ್ಣಿನಲ್ಲಿ ಪಾಷಾಣ ಇನ್ನೂ ಇದೆ.