ಗಾಜಿನ ಎಳೆಯಲ್ಲಿ ಬರುವ ಅಂತರ್ಜಾಲ: ಮನೆಯ ಬ್ರಾಡ್‌ಬ್ಯಾಂಡ್ ಯೋಜನೆಯನ್ನು ಓದುವ ಬಗೆ

ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ತಾಯಿಯೊಬ್ಬರು ಕರಪತ್ರವೊಂದನ್ನು ಹಿಡಿದು ಬಂದು, "ಮಾಷ್ಟ್ರೇ, ಮಕ್ಕಳಿಗೆ ಇಪ್ಪತ್ತು ಸಾಕೋ, ನೂರೇ ಬೇಕೋ?" ಎಂದು ಕೇಳುವುದು ಈಗ ಅಪರೂಪವಲ್ಲ. ಕರಪತ್ರವು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಕನ್ನಡವನ್ನಷ್ಟೇ ಓದಬಲ್ಲ ರಕ್ಷಕರಿಗೆ ಅದನ್ನು ಬಿಡಿಸಿ ಹೇಳಬಲ್ಲವರು ಬಹುಮಟ್ಟಿಗೆ ಶಾಲೆಯ ಅಧ್ಯಾಪಕರೇ. ಆದುದರಿಂದ ಮನೆಗೆ ಬರುವ ಫೈಬರ್ ಅಂತರ್ಜಾಲದ ವೇಗ, ದತ್ತಾಂಶದ ಮಿತಿ ಮತ್ತು ದರಗಳನ್ನು ಅರ್ಥೈಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ: ಕೆ-ಫೋನ್

ಕೇರಳ ಸರಕಾರದ ಕೆ-ಫೋನ್ ಯೋಜನೆಯು 2023ರ ಜೂನ್ 5ರಂದು ಉದ್ಘಾಟನೆಗೊಂಡಿತು. ಇದು ರಾಜ್ಯ ವಿದ್ಯುತ್ ಮಂಡಳಿ ಮತ್ತು ರಾಜ್ಯದ ಐ.ಟಿ. ಮೂಲಸೌಕರ್ಯ ಸಂಸ್ಥೆಗಳು ಸೇರಿ ಕೈಗೊಂಡ ಉದ್ಯಮ. ವಿದ್ಯುತ್ ಕಂಬಗಳನ್ನೇ ಆಧರಿಸಿ ಫೈಬರ್ ತಂತಿಯನ್ನು ಊರೂರಿಗೆ ಎಳೆದುದು ಇದರ ವಿಶೇಷ. ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ನೀಡುವುದು ಯೋಜನೆಯ ಗುರಿ; ಮೊದಲ ಹಂತದಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದಿಂದ 100ರಂತೆ, 140 ಕ್ಷೇತ್ರಗಳ 14,000 ಕುಟುಂಬಗಳನ್ನು ಲೆಕ್ಕಕ್ಕೆ ಹಿಡಿಯಲಾಗಿತ್ತು.

ಆರಂಭದಲ್ಲಿ ಪ್ರಕಟವಾದ ದರಗಳಂತೆ 20 ಎಂಬಿಪಿಎಸ್ ವೇಗಕ್ಕೆ ತಿಂಗಳಿಗೆ 299 ರೂಪಾಯಿ, 100ಕ್ಕೆ 599, 250ಕ್ಕೆ 1,249 ರೂಪಾಯಿ. ಕೆಳಗಿನ ದರದ ಯೋಜನೆಯಲ್ಲಿ ತಿಂಗಳಿಗೆ 3,000 ಜಿಬಿ ದತ್ತಾಂಶದ ಮಿತಿಯಿತ್ತು. ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಇವುಗಳನ್ನು ಲೆಕ್ಕದ ಮಾದರಿಯಾಗಿ ಮಾತ್ರ ಬಳಸಬೇಕು.

ಬಿಟ್ ಬೇರೆ, ಬೈಟ್ ಬೇರೆ

ಗೊಂದಲಕ್ಕೆ ಮೊದಲ ಕಾರಣ ಇದು. ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ; ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುತ್ತಾರೆ. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಆದುದರಿಂದ 20 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 20 ಮೆಗಾಬೈಟ್ ಅಲ್ಲ, 20ನ್ನು 8ರಿಂದ ಭಾಗಿಸಿದಾಗ ಸಿಗುವ 2.5 ಮೆಗಾಬೈಟ್. 300 ಮೆಗಾಬೈಟ್‌ನ ಒಂದು ಪಾಠದ ವೀಡಿಯೊವನ್ನು ಈ ವೇಗದಲ್ಲಿ ಇಳಿಸಿಕೊಳ್ಳಲು 120 ಸೆಕೆಂಡು, ಅಂದರೆ ಎರಡು ನಿಮಿಷ ಬೇಕು. 100 ಎಂಬಿಪಿಎಸ್‌ನಲ್ಲಿ ಅದೇ ಕಡತ 24 ಸೆಕೆಂಡಿನಲ್ಲಿ ಬರುತ್ತದೆ.

ಹಾಗಾದರೆ ಒಂದು ಮನೆಗೆ ಎಷ್ಟು ಬೇಕು? ಇಬ್ಬರು ಮಕ್ಕಳು ಏಕಕಾಲಕ್ಕೆ ವೀಡಿಯೊ ತರಗತಿ ನೋಡುತ್ತಾರೆಂದೂ ಒಂದೊಂದಕ್ಕೆ 3 ಎಂಬಿಪಿಎಸ್ ಬೇಕೆಂದೂ ಎಣಿಸೋಣ. ಮನೆಯ ಇನ್ನೊಬ್ಬರು ಸ್ಪಷ್ಟ ಚಿತ್ರದ ವೀಡಿಯೊ ನೋಡಲು 5 ಬಳಸಿದರೂ ಒಟ್ಟು 11. ಇಪ್ಪತ್ತರೊಳಗೆ ಇದು ಸಲೀಸಾಗಿ ಸೇರುತ್ತದೆ. ಇನ್ನು ದತ್ತಾಂಶ: 3 ಎಂಬಿಪಿಎಸ್‌ನ ವೀಡಿಯೊ ಒಂದು ಗಂಟೆಗೆ ಸುಮಾರು 1.35 ಜಿಬಿ ಬಳಸುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಡೀ ನೋಡಿದರೂ 162 ಜಿಬಿ. 3,000 ಜಿಬಿಯ ಮಿತಿಯ ಹತ್ತಿರಕ್ಕೂ ಅದು ಬರುವುದಿಲ್ಲ.

ಈ ಲೆಕ್ಕದ ಬೆಲೆ ಚಿಕ್ಕದಲ್ಲ. 299 ಮತ್ತು 599ರ ನಡುವಣ ಅಂತರ ತಿಂಗಳಿಗೆ 300 ರೂಪಾಯಿ. ಶೇಕಡಾ 18ರ ಜಿ.ಎಸ್.ಟಿ. ಸೇರಿಸಿದರೆ ವರ್ಷಕ್ಕೆ 4,248 ರೂಪಾಯಿ. ಬೀಡಿ ಕಟ್ಟಿಯೋ ತೋಟದ ಕೂಲಿಯಿಂದಲೋ ಬದುಕುವ ಮನೆಗೆ ಅದು ಮಕ್ಕಳ ಪುಸ್ತಕ, ಕೊಡೆ, ಚೀಲಗಳ ಹಣ.

ಹೇಳಿದ ವೇಗ ಸಿಗದಿರಲು ಕಾರಣಗಳು

ಫೈಬರ್ ಎಂಬುದು ಅತಿ ಶುದ್ಧವಾದ ಗಾಜಿನ ಎಳೆ. ಹೊರಪದರದೊಂದಿಗೆ ಅದರ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಒಳಗಾಜಿಗಿಂತ ಹೊರಪದರದ ವಕ್ರೀಭವನ ಸೂಚ್ಯಂಕ ಕಡಿಮೆಯಿರುವುದರಿಂದ ಬೆಳಕು ಹೊರಹೋಗದೆ, ಪೂರ್ಣ ಆಂತರಿಕ ಪ್ರತಿಫಲನದಿಂದ ಒಳಗೇ ಸಾಗುತ್ತದೆ. ಇಂತಹ ಎಳೆಯಲ್ಲಿ ದೂರಕ್ಕೆ ಸಂದೇಶ ಕಳುಹಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು.

ಆದರೆ ಕೇಂದ್ರದಿಂದ ಹೊರಟ ಒಂದು ಎಳೆ ಒಂದೇ ಮನೆಗೆ ಸೇರಿದ್ದಲ್ಲ. ಜಿಪಾನ್ ಎಂಬ ಬಹು ಬಳಕೆಯ ಪದ್ಧತಿಯಲ್ಲಿ ಅದನ್ನು ದಾರಿಯಲ್ಲಿ ಕವಲೊಡೆಸಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಆ ಎಳೆಯ ಒಟ್ಟು ಸಾಮರ್ಥ್ಯ ಸುಮಾರು 2,500 ಎಂಬಿಪಿಎಸ್. 64 ಮನೆಯವರೂ ಒಂದೇ ಗಳಿಗೆಯಲ್ಲಿ ಪೂರ್ಣವಾಗಿ ಬಳಸಿದರೆ ಪ್ರತಿ ಮನೆಗೆ ದೊರೆಯುವುದು 39ರಷ್ಟೇ. ಕರಪತ್ರದ "ವರೆಗೆ" ಎಂಬ ಪದದ ಅರ್ಥ ಇದೇ. ಸಂಜೆಯ ಹೊತ್ತಿನಲ್ಲಿ ವೇಗ ಕುಗ್ಗುವುದಕ್ಕೆ ಈ ಹಂಚಿಕೆಯೂ ಒಂದು ಕಾರಣ.

ಎರಡನೆಯ ಕಾರಣ ಮನೆಯೊಳಗಿದೆ. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆಗಳು ವೈಫೈ ಅಲೆಗಳನ್ನು ತಡೆಯುತ್ತವೆ. 5 ಗಿಗಾಹರ್ಟ್ಸ್ ಅಲೆ ವೇಗವಾದುದು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ಹೋಗುತ್ತದೆ. ಉಪಕರಣವನ್ನು ಮೂಲೆಯ ಕೋಣೆಯಿಂದ ಮನೆಯ ನಡುವಿಗೆ ತಂದರೆ, ಹೆಚ್ಚಿನ ದರದ ಯೋಜನೆಗೆ ಬದಲಾಯಿಸಬೇಕಾದ ಅಗತ್ಯವೇ ಬಾರದಿರಬಹುದು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದರೂ ಉಪಕರಣಕ್ಕೆ ಕರೆಂಟು ಬೇಕು. ಮಳೆಗಾಲದಲ್ಲಿ ಕರೆಂಟು ಹೋದೊಡನೆ ಅಂತರ್ಜಾಲವೂ ನಿಲ್ಲುತ್ತದೆ; ಸಿಡಿಲಿನ ಸಮಯದಲ್ಲಿ ಉಪಕರಣದ ಪ್ಲಗ್ ತೆಗೆದಿಡುವುದು ಲೇಸು.

ಸಂಪರ್ಕ ಪಡೆಯುವ ಮೊದಲು ಕೇಳಬೇಕಾದವು

ಎಷ್ಟು ತಿಂಗಳ ಹಣವನ್ನು ಮುಂಗಡ ಕೊಡಬೇಕು? ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ? ಉಪಕರಣಕ್ಕೂ ಜೋಡಣೆಗೂ ಬೇರೆ ಶುಲ್ಕವಿದೆಯೇ? ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ? ಏರಿಸುವ ವೇಗ ಎಷ್ಟು? ತಂತಿ ಕಡಿದರೆ ಸರಿಪಡಿಸುವವರು ಯಾರು? ಇವುಗಳನ್ನು ಕನ್ನಡದಲ್ಲಿ ಬರೆದು ಸೂಚನಾ ಫಲಕದಲ್ಲಿ ಹಚ್ಚಿದರೆ ರಕ್ಷಕರಿಗೆ ದೊಡ್ಡ ಉಪಕಾರವಾಗುತ್ತದೆ. ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ಇಳಿಕೆ ವೇಗವನ್ನು 2023ರಲ್ಲಿ 2 ಎಂಬಿಪಿಎಸ್‌ಗೆ ಏರಿಸಲಾಗಿದೆ ಎಂಬುದನ್ನೂ ತಿಳಿಸಬಹುದು.

ತರಗತಿಯಲ್ಲಿ

ಭಾಗಾಕಾರ, ಶೇಕಡಾ ಮತ್ತು ಏಕಮಾನಗಳ ಪಾಠಕ್ಕೆ ಈ ವಿಷಯ ಚೆನ್ನಾಗಿ ಒದಗುತ್ತದೆ. ಕಾಲ್ಪನಿಕ ದರಪಟ್ಟಿಯೊಂದನ್ನು ಕೊಟ್ಟು, ನಾಲ್ವರಿರುವ ಮನೆಗೆ ಯಾವ ಯೋಜನೆ ತಕ್ಕುದೆಂದು ಗುಂಪುಗಳಲ್ಲಿ ಲೆಕ್ಕ ಹಾಕಿಸಿ ಕಾರಣ ಹೇಳಿಸಬೇಕು. ಯಾರ ಮನೆಯಲ್ಲಿ ಸಂಪರ್ಕವಿದೆ, ಯಾರ ಮನೆಯಲ್ಲಿಲ್ಲ ಎಂದು ಕೈಯೆತ್ತಿಸಿ ಕೇಳಬಾರದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠವು ಪರದೆಯ ಮೇಲೆ ಬಂತು. ಪರದೆಯೂ ಸಂಪರ್ಕವೂ ಇಲ್ಲದ ಮಕ್ಕಳು ಹಿಂದುಳಿದರು. ಆ ಮಕ್ಕಳ ಸಂಕೋಚವನ್ನು ಹೆಚ್ಚಿಸದೆ, ಸಂಪರ್ಕವಿಲ್ಲದವರಿಗೂ ಮಾಡಲು ಸಾಧ್ಯವಾಗುವ ಮನೆಗೆಲಸವನ್ನೇ ಕೊಡುವುದು ಅಧ್ಯಾಪಕರ ಹೊಣೆ.

ಮೊದಲ ತಾಯಿಯ ಪ್ರಶ್ನೆಗೆ ಉತ್ತರ ಇಷ್ಟೇ: ಈ ಲೆಕ್ಕದ ಮನೆಗೆ ಇಪ್ಪತ್ತು ಸಾಕು. ಅದನ್ನು ಹೇಳುವುದರೊಂದಿಗೆ ಲೆಕ್ಕ ಮಾಡುವ ಕ್ರಮವನ್ನೂ ತೋರಿಸಿಕೊಟ್ಟರೆ, ಮುಂದಿನ ಕರಪತ್ರವನ್ನು ಆಕೆಯ ಮಗಳೇ ಮನೆಯಲ್ಲಿ ಓದಿ ಹೇಳಬಲ್ಲಳು.