ಮೊದಲ ಸಾಲಿನ ಕಳ್ಳ ನಂಬರು

ಹೆಬ್ಬಾಳ, ಸಂಜಯನಗರ, ಆರ್.ಟಿ. ನಗರದ ಮನೆಗಳಲ್ಲಿ ನೀರಿನ ಫಿಲ್ಟರ್ ಕೆಟ್ಟರೆ, ಕೊರಿಯರ್ ಬಾರದಿದ್ದರೆ, ಪ್ರಿಂಟರ್ ಕೈಕೊಟ್ಟರೆ ಈಗ ಹಳೆಯ ಬಿಲ್ ಹುಡುಕುವವರು ಕಡಿಮೆ. ಮೊಬೈಲ್ ತೆಗೆದು ಕಂಪನಿಯ ಹೆಸರು ಬರೆದು, ಪಕ್ಕದಲ್ಲಿ ‘ಕಸ್ಟಮರ್ ಕೇರ್ ನಂಬರ್ ಹೆಬ್ಬಾಳ’ ಎಂದು ಸೇರಿಸಿದರೆ ಅರೆಕ್ಷಣದಲ್ಲಿ ಉತ್ತರ ಬರುತ್ತದೆ. ಮೊದಲ ಸಾಲಿನ ಮೇಲೆ ಬೆರಳಿಟ್ಟರೆ ಕರೆ ಹೋಗಿಯೇಬಿಡುತ್ತದೆ. ಆ ಸಾಲು ಯಾರದು, ಅದು ಅಲ್ಲಿಗೆ ಹೇಗೆ ಬಂತು ಎಂದು ವಿಚಾರಿಸುವ ವ್ಯವಧಾನ ಕೆಟ್ಟ ಯಂತ್ರದ ಮುಂದೆ ಕೂತವರಿಗೆ ಇರುವುದಿಲ್ಲ. ಹೆಸರಾಂತ ಕಂಪನಿಗಳ ಸೋಗು ಹಾಕುವವರ ಇಡೀ ದಂಧೆ ನಿಂತಿರುವುದು ಎರಡೇ ಸಂಗತಿಗಳ ಮೇಲೆ. ಗಾಬರಿಯಲ್ಲಿ ಮನುಷ್ಯ ಮೊದಲು ಕಂಡದ್ದನ್ನು ನಂಬುತ್ತಾನೆ. ಆ ಮೊದಲ ಸಾಲು ದುಡ್ಡಿಗೆ ಸಿಗುತ್ತದೆ.

ಹೆಬ್ಬಾಳದ ಫ್ಲೈಓವರಿನಿಂದ ಹೊರವರ್ತುಲ ರಸ್ತೆ ಹಿಡಿದರೆ ಮೊದಲು ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಸಿಗುತ್ತದೆ. ಮಹದೇವಪುರದ ಕಡೆ ಸಾಗಿ ಒಳಕ್ಕೆ ತಿರುಗಿದರೆ ವೈಟ್‌ಫೀಲ್ಡ್. ಜಗತ್ತಿನ ದೊಡ್ಡ ಕಂಪನಿಗಳಿಗೆ ಅಸಲಿ ತಾಂತ್ರಿಕ ನೆರವು ನೀಡುವ ಸಾವಿರಾರು ಜನ ಹಗಲೂ ರಾತ್ರಿ ಓಡಾಡುವ ದಾರಿ ಇದು. 2025ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್‌ನ ಸಿಗ್ಮಾ ಸಾಫ್ಟ್ ಟೆಕ್ ಪಾರ್ಕಿನ ಕಚೇರಿಯೊಂದರ ಮೇಲೆ ಪೊಲೀಸರು ದಾಳಿ ಮಾಡಿದಾಗ ಕಂಡದ್ದು ಅದರ ನಕಲು. ಮೈಕ್ರೋಸಾಫ್ಟ್ ಸಿಬ್ಬಂದಿಯಂತೆ ನಟಿಸಿ ಅಮೆರಿಕದವರನ್ನು ವಂಚಿಸುತ್ತಿದ್ದ ಆರೋಪದ ಮೇಲೆ 21 ಮಂದಿಯನ್ನು ಬಂಧಿಸಲಾಯಿತು. ಪೊಲೀಸರ ಪ್ರಕಾರ ಗಾಳ ಬಿದ್ದದ್ದು ಫೇಸ್‌ಬುಕ್ ಜಾಹೀರಾತಿನ ಮೂಲಕ. ನೋಡಲು ಅದು ಕಂಪ್ಯೂಟರ್ ಸುರಕ್ಷತೆಯ ಸೇವೆಯೊಂದರ ಸಾಧಾರಣ ಜಾಹೀರಾತು. ಕ್ಲಿಕ್ ಮಾಡಿದ ಕೂಡಲೇ ಪರದೆ ಸ್ತಬ್ಧವಾಗಿ, ಮೈಕ್ರೋಸಾಫ್ಟ್‌ನ ಸಹಾಯ ಕೇಂದ್ರದ ಹೆಸರಿನಲ್ಲಿ ಒಂದು ಫೋನ್ ನಂಬರ್ ಕಾಣಿಸುತ್ತಿತ್ತು. ಹೆದರಿ ಕರೆ ಮಾಡಿದವರಿಗೆ ನಿಮ್ಮ ಬ್ಯಾಂಕ್ ಖಾತೆ ಹ್ಯಾಕ್ ಆಗಿದೆ, ನೀವು ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಮುರಿದಿದ್ದೀರಿ ಎಂದು ಬೆದರಿಸಿ, ಬಿಟ್‌ಕಾಯಿನ್ ಎಟಿಎಂಗಳಲ್ಲಿ ಹಣ ತುಂಬಿಸಲಾಗುತ್ತಿತ್ತು. ಪ್ರಕರಣ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಿದೆ. ಆದರೆ ವಂಚನೆಯ ಈ ಬಗೆ ಹೊಸದಲ್ಲ, ಮತ್ತು ಅದರ ಒಳಗಿನ ತಂತ್ರವನ್ನು ಅರ್ಥ ಮಾಡಿಕೊಳ್ಳಲು ಕಂಪ್ಯೂಟರ್ ಪದವಿ ಬೇಕಿಲ್ಲ.

ಮೊದಲ ಪ್ರಶ್ನೆ: ಪರದೆ ಸ್ತಬ್ಧವಾಯಿತು ಎಂದರೆ ನಿಜಕ್ಕೂ ಏನಾಯಿತು?

ಕಂಪ್ಯೂಟರಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಬ್ರೌಸರ್ ತೆರೆದ ಒಂದು ಜಾಲಪುಟ ಆ ಕಂಪ್ಯೂಟರಿನ ಕಡತಗಳನ್ನು ತಡಕಿ ವೈರಸ್ ಹುಡುಕಲು ಸಾಧ್ಯವೇ ಇಲ್ಲ. ಜಾಲಪುಟಗಳಿಗೆ ಆ ಅಧಿಕಾರ ಸಿಗದಂತೆಯೇ ಬ್ರೌಸರ್‌ಗಳನ್ನು ಕಟ್ಟಲಾಗಿದೆ. ಆದರೆ ಪುಟಕ್ಕೆ ಕೆಲವು ಸಣ್ಣ ಸವಲತ್ತುಗಳಿವೆ. ವಿಡಿಯೊ ನೋಡುವಾಗ ಬೇಕಾಗುತ್ತದೆಂದು ಇಡೀ ಪರದೆ ಆವರಿಸಿಕೊಳ್ಳುವ ಅವಕಾಶವಿದೆ. ಆಟಗಳಿಗಾಗಿ ಮೌಸ್‌ನ ಬಾಣವನ್ನು ಮರೆಮಾಡುವ, ಕೆಲವು ಕೀಲಿಗಳನ್ನು ತಾನೇ ಹಿಡಿದಿಟ್ಟುಕೊಳ್ಳುವ ಅವಕಾಶವಿದೆ. ಧ್ವನಿ ಹೊರಡಿಸಬಹುದು, ಎಚ್ಚರಿಕೆಯ ಪೆಟ್ಟಿಗೆಗಳನ್ನು ತೋರಿಸಬಹುದು. ವಂಚಕರು ಇವನ್ನೆಲ್ಲ ಒಟ್ಟಿಗೆ ಬಳಸುತ್ತಾರೆ. ಪುಟ ಪೂರ್ತಿ ಪರದೆಗೆ ಹಿಗ್ಗುತ್ತದೆ, ಮುಚ್ಚುವ ಗುಂಡಿ ಕಣ್ಣಿಗೆ ಬೀಳುವುದಿಲ್ಲ, ವಿಂಡೋಸ್‌ನ ಕಿಟಕಿಗಳ ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ, ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂದು ಯಂತ್ರದ ದನಿಯೊಂದು ಕಿರುಚುತ್ತದೆ. ಒಂದು ಪೆಟ್ಟಿಗೆ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಹಾಗಾಗಿ ನೋಡುವವರಿಗೆ ಯಂತ್ರವೇ ಕೈತಪ್ಪಿತು ಅನ್ನಿಸುತ್ತದೆ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಸಾಮಾನ್ಯವಾಗಿ ಪೂರ್ತಿ ಪರದೆ ಬಿಟ್ಟುಕೊಡುತ್ತದೆ. ಅದೂ ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಬಹುದು, ಯಂತ್ರವನ್ನೇ ಆಫ್ ಮಾಡಬಹುದು. ಮತ್ತೆ ತೆರೆದಾಗ ಬ್ರೌಸರ್ ಹಿಂದಿನ ಪುಟಗಳನ್ನು ಮರಳಿ ತೆರೆಯಲೇ ಎಂದು ಕೇಳಿದರೆ ಬೇಡ ಅನ್ನಬೇಕು. ತನ್ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಹಲವು ವರ್ಷಗಳಿಂದ ಹೇಳುತ್ತಾ ಬಂದಿದೆ.

ಕರೆ ಮಾಡಿದ ಮೇಲೆ ಎರಡನೆಯ ಅಂಕ. ಆ ಕಡೆಯವರು ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರನಿಯಂತ್ರಣದ ತಂತ್ರಾಂಶ ಹಾಕಿಸುತ್ತಾರೆ. ಇವು ಕಳ್ಳ ತಂತ್ರಾಂಶಗಳಲ್ಲ, ಕಚೇರಿಗಳ ಐಟಿ ವಿಭಾಗದವರು ದಿನವೂ ಬಳಸುವಂಥವು. ಹಾಗಾಗಿ ಆಂಟಿವೈರಸ್ ಗದರುವುದೂ ಇಲ್ಲ. ಆಮೇಲೆ ಅವರು ವಿಂಡೋಸ್‌ನ ‘ಈವೆಂಟ್ ವ್ಯೂವರ್’ ತೆರೆದು ಕೆಂಪು ಗುರುತಿನ ಸಾಲುಗಳನ್ನು ತೋರಿಸುತ್ತಾರೆ. ಅದು ಯಂತ್ರದ ದಿನಚರಿ. ಪ್ರಿಂಟರ್ ಸಿಗಲಿಲ್ಲ, ಯಾವುದೋ ಸೇವೆ ತಡವಾಗಿ ಶುರುವಾಯಿತು ಎಂಬಂಥ ಪುಟ್ಟ ದೋಷಗಳು ಆರೋಗ್ಯವಂತ ಕಂಪ್ಯೂಟರಿನಲ್ಲೂ ನೂರಾರು ದಾಖಲಾಗಿರುತ್ತವೆ. ಇನ್ನೊಂದು ಆಜ್ಞೆ ಕೊಟ್ಟು ಯಂತ್ರದ ಸಂಪರ್ಕಗಳ ಪಟ್ಟಿ ತೋರಿಸಿ, ‘ನೋಡಿ, ವಿದೇಶದವರು ಒಳಗೆ ಬಂದಿದ್ದಾರೆ’ ಎನ್ನುತ್ತಾರೆ. ಆ ಪಟ್ಟಿಯಲ್ಲಿ ‘ಫಾರಿನ್’ ಎಂದಿರುವುದು ಹೊರಗಿನ ಯಾವುದೇ ಸರ್ವರಿಗೆ ವಿಂಡೋಸ್ ಬಳಸುವ ಮಾತು ಅಷ್ಟೆ. ತೋರಿಸಿದ್ದೆಲ್ಲ ನಿಜ, ಅದಕ್ಕೆ ಹೇಳಿದ ಅರ್ಥ ಮಾತ್ರ ಸುಳ್ಳು. ವಿದ್ಯಾವಂತರೂ ಬಲಿಯಾಗುವುದು ಇಲ್ಲೇ.

ಈ ದಂಧೆ ಮೊದಲು ಹೀಗಿರಲಿಲ್ಲ. ಆರಂಭದ ವರ್ಷಗಳಲ್ಲಿ ವಂಚಕರೇ ಫೋನ್ ಮಾಡುತ್ತಿದ್ದರು. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ 6 ಜಾಲಗಳ ವಿರುದ್ಧ ಕ್ರಮ ಕೈಗೊಂಡಾಗ ಅವುಗಳಲ್ಲಿ ಹೆಚ್ಚಿನವು ಭಾರತದಿಂದ ನಡೆಯುತ್ತಿದ್ದವು. ಅಪರಿಚಿತ ಕರೆ ಬಂದರೆ ಜನ ಅನುಮಾನಿಸುತ್ತಾರೆ, ಹತ್ತರಲ್ಲಿ ಒಂಬತ್ತು ಸಲ ಫೋನ್ ಇಟ್ಟುಬಿಡುತ್ತಾರೆ. ಜಾಹೀರಾತು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಈಗ ಕರೆ ಮಾಡುವವರು ಬಲಿಯಾಗುವವರೇ. ತಾವಾಗಿ ಹುಡುಕಿ ತಾವಾಗಿ ಕರೆ ಮಾಡಿದ್ದರಿಂದ ಆ ಕಡೆಯವರು ಯಾರು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುವುದೇ ಇಲ್ಲ.

2017ರಲ್ಲಿ ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಅಳೆದು ಪ್ರಕಟಿಸಿದರು. ಹೆಸರಾಂತ ತಾಣಗಳ ವಿಳಾಸವನ್ನು ಒಂದಕ್ಷರ ತಪ್ಪಾಗಿ ಬರೆದವರನ್ನು ಜಾಹೀರಾತು ಜಾಲಗಳು ಎಲ್ಲಿಗೆ ಕರೆದೊಯ್ಯುತ್ತವೆ ಎಂದು ಎಂಟು ತಿಂಗಳು ಯಂತ್ರದಿಂದಲೇ ಹಿಂಬಾಲಿಸಿ, ಸಾವಿರಾರು ವಂಚಕ ಪುಟಗಳನ್ನು ಪತ್ತೆ ಮಾಡಿದರು. ಆಮೇಲೆ ತಾವೇ ಗಿರಾಕಿಗಳಂತೆ 60 ವಂಚಕರಿಗೆ ಕರೆ ಮಾಡಿ ಮಾತನಾಡಿದರು. ಇಲ್ಲದ ರೋಗಕ್ಕೆ ಅವರು ಕೇಳಿದ ಸರಾಸರಿ ಶುಲ್ಕ ಸುಮಾರು 290 ಡಾಲರ್. ಆ ಕರೆಗಳಲ್ಲಿ ಬಹುಪಾಲು ಬಂದು ತಲುಪಿದ್ದು ಭಾರತಕ್ಕೆ.

ಹಾಗಾದರೆ ಜಾಹೀರಾತು ಮಾರುವ ಕಂಪನಿಗಳ ತಪಾಸಣೆ ಏನಾಯಿತು? ತಪಾಸಣೆ ಇದೆ, ಆದರೆ ಅದಕ್ಕೆ ಕಣ್ಣುಕಟ್ಟಲಾಗುತ್ತದೆ. ಈ ತಂತ್ರಕ್ಕೆ ಕ್ಲೋಕಿಂಗ್ ಎನ್ನುತ್ತಾರೆ. ಪುಟಕ್ಕೆ ಬಂದವರು ಯಾವ ಊರಿನವರು, ಯಾವ ಬ್ರೌಸರ್, ಜಾಹೀರಾತು ಒತ್ತಿ ಬಂದರೋ ನೇರ ಬಂದರೋ ಎಂಬುದನ್ನು ಸರ್ವರ್ ಕ್ಷಣದಲ್ಲಿ ಅಳೆಯುತ್ತದೆ. ಬಂದದ್ದು ತಪಾಸಣೆಯ ಯಂತ್ರ ಅನ್ನಿಸಿದರೆ ಅಡುಗೆಯ ಬ್ಲಾಗನ್ನೋ ಪ್ರವಾಸದ ಪುಟವನ್ನೋ ತೋರಿಸುತ್ತದೆ. ಬಲಿಯಾಗಬಲ್ಲ ಮನುಷ್ಯ ಅನ್ನಿಸಿದರೆ ಕೆಂಪು ಪರದೆ. ಅದರ ಮೇಲೆ ಈ ಪುಟಗಳ ಆಯುಸ್ಸೂ ಕಡಿಮೆ. ವಂಚಕ ತಾಣವೊಂದು ಸರಾಸರಿ 10 ನಿಮಿಷಕ್ಕಿಂತ ಕಡಿಮೆ ಹೊತ್ತು ಜೀವಂತವಾಗಿರುತ್ತದೆ ಎಂದು ಗೂಗಲ್ 2025ರ ಮೇನಲ್ಲಿ ಹೇಳಿತು. ಕಪ್ಪುಪಟ್ಟಿಗೆ ಸೇರಿಸುವಷ್ಟರಲ್ಲಿ ವಿಳಾಸ ಬದಲಾಗಿರುತ್ತದೆ. ಈ ಕಾರಣಕ್ಕೇ ಕ್ರೋಮ್ ಬ್ರೌಸರ್ ಈಗ ಬಳಕೆದಾರರ ಕಂಪ್ಯೂಟರಿನಲ್ಲೇ ಕೂರುವ ಪುಟ್ಟ ಎಐ ಮಾದರಿಯಿಂದ ಪುಟದ ವರ್ತನೆಯನ್ನು ಓದುತ್ತದೆ. ಕೀಲಿಮಣೆಯನ್ನು ಹಿಡಿದಿಡಲು ಪುಟ ಯತ್ನಿಸುವುದು ಅದಕ್ಕೆ ಸಿಗುವ ಸುಳಿವುಗಳಲ್ಲಿ ಒಂದು.

2025ರ ಜೂನ್‌ನಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ತಜ್ಞರು ಬಯಲಿಗೆಳೆದ ಕೈಚಳಕ ಇನ್ನೂ ಆತಂಕದ್ದು. ಆ ಗೂಗಲ್ ಜಾಹೀರಾತುಗಳು ಕರೆದೊಯ್ಯುತ್ತಿದ್ದುದು ಆಪಲ್, ಮೈಕ್ರೋಸಾಫ್ಟ್, ನೆಟ್‌ಫ್ಲಿಕ್ಸ್, ಪೇಪಾಲ್‌ನಂಥ ಕಂಪನಿಗಳ ಅಸಲಿ ತಾಣಕ್ಕೇ. ವಿಳಾಸದ ಪಟ್ಟಿಯಲ್ಲಿ ಇದ್ದದ್ದು ನಿಜವಾದ ವಿಳಾಸ. ಆದರೆ ಜಾಹೀರಾತಿನ ಕೊಂಡಿಯ ಬಾಲಕ್ಕೆ ವಂಚಕರು ಒಂದು ಹುಡುಕಾಟದ ವಾಕ್ಯ ಸೇರಿಸಿದ್ದರು. ತಾಣದ ಸ್ವಂತ ಹುಡುಕುಪೆಟ್ಟಿಗೆ ಆ ವಾಕ್ಯವನ್ನು, ಅಂದರೆ ‘ಸಹಾಯಕ್ಕೆ ಈ ನಂಬರಿಗೆ ಕರೆ ಮಾಡಿ’ ಎಂಬುದನ್ನು, ಹಾಗೆಯೇ ಪುಟದಲ್ಲಿ ಮೂಡಿಸುತ್ತಿತ್ತು. ಬ್ಯಾಂಕಿನ ಅಸಲಿ ಕಟ್ಟಡದೊಳಗಿನ ನೋಟಿಸ್ ಬೋರ್ಡಿಗೆ ಕಳ್ಳನೊಬ್ಬ ತನ್ನ ನಂಬರು ಅಂಟಿಸಿ ಹೋದಂತೆ. ವಿಳಾಸ ನೋಡಿ ನಂಬಿ ಎಂಬ ಹಳೆಯ ಬುದ್ಧಿವಾದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದೆಲ್ಲ ಅಮೆರಿಕದ ಅಜ್ಜ ಅಜ್ಜಿಯರ ಕಥೆ ಎಂದು ಬೆಂಗಳೂರಿನವರು ನಿರಾಳವಾಗಿರುವಂತಿಲ್ಲ. 2021ರಲ್ಲಿ ಮೈಕ್ರೋಸಾಫ್ಟ್ 16 ದೇಶಗಳಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಭಾರತದ ಶೇ 69ರಷ್ಟು ಜನ ಇಂಥ ವಂಚನೆಯ ಯತ್ನವನ್ನು ಎದುರಿಸಿದ್ದರು, ಶೇ 31ರಷ್ಟು ಜನ ಹಣ ಕಳೆದುಕೊಂಡಿದ್ದರು. ಇಲ್ಲಿ ಹೆಚ್ಚು ಮೋಸಹೋದವರು ವೃದ್ಧರಲ್ಲ, 24ರಿಂದ 37ರ ವಯಸ್ಸಿನವರು. ಅಮೆರಿಕದಲ್ಲಿ ಕಂಪ್ಯೂಟರಿನ ಪರದೆ ಗಾಳವಾದರೆ ನಮ್ಮಲ್ಲಿ ಕಸ್ಟಮರ್ ಕೇರ್ ನಂಬರೇ ಗಾಳ. 2019ರ ಡಿಸೆಂಬರ್‌ನಲ್ಲಿ ಕೋರಮಂಗಲದ ಐಟಿ ಉದ್ಯೋಗಿಯೊಬ್ಬರು ಬಾರದ ಪಿಜ್ಜಾದ ಹಣ ವಾಪಸ್ ಕೇಳಲು ಆನ್‌ಲೈನಿನಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಿ 95,000 ರೂಪಾಯಿ ಕಳೆದುಕೊಂಡರು. ಅದಕ್ಕೂ ಹಿಂದೆ, 2018ರಲ್ಲಿ, ಗೂಗಲ್ ಮ್ಯಾಪ್ಸ್‌ನಲ್ಲಿ ಬ್ಯಾಂಕ್ ಆಫ್ ಇಂಡಿಯಾ ಶಾಖೆಗಳ ಫೋನ್ ನಂಬರನ್ನು ವಂಚಕರು ತಮ್ಮದಕ್ಕೆ ಬದಲಿಸಿದ್ದು ಮಹಾರಾಷ್ಟ್ರದಲ್ಲಿ ಪತ್ತೆಯಾಗಿತ್ತು. ಅಲ್ಲಿ ಜಾಹೀರಾತಿನ ಖರ್ಚೂ ಬೇಕಾಗಲಿಲ್ಲ, ಮಾಹಿತಿ ತಿದ್ದಲು ಎಲ್ಲರಿಗೂ ಇದ್ದ ಅವಕಾಶವೇ ಸಾಕಾಯಿತು. ಈಗ ವಾಟ್ಸ್‌ಆ್ಯಪ್‌ನಲ್ಲಿ ‘ದೂರು ದಾಖಲಿಸುವ ಆ್ಯಪ್’ ಎಂದು ಎಪಿಕೆ ಕಡತ ಕಳುಹಿಸುತ್ತಾರೆ. ಅದನ್ನು ಹಾಕಿಕೊಂಡು ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಒಟಿಪಿಗಳು ನೇರ ವಂಚಕರ ಕೈಗೆ ಹೋಗುತ್ತವೆ. ಮಕ್ಕಳು ವಿದೇಶದಲ್ಲಿದ್ದು ಇಬ್ಬರೇ ಹಿರಿಯರು ಉಳಿದಿರುವ ಮನೆಗಳು ಸಹಕಾರನಗರ, ಆರ್‌ಎಂವಿ ಬಡಾವಣೆಯ ಕಡೆ ಬೇಕಾದಷ್ಟಿವೆ. ಅಲ್ಲಿ ಗ್ಯಾಸ್‌ನಿಂದ ಔಷಧಿಯವರೆಗೆ ಎಲ್ಲವೂ ಮೊಬೈಲಿನಲ್ಲೇ ನಡೆಯಬೇಕು, ಸಂಶಯ ಬಂದರೆ ತಕ್ಷಣ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಮೋಸಹೋದವರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಮೋಸದ ಜಾಹೀರಾತಿನಿಂದ ದುಡ್ಡು ಎಣಿಸಿದವರು ಯಾರು ಎಂದೂ ಕೇಳಬೇಕಲ್ಲವೇ? ಮೈಕ್ರೋಸಾಫ್ಟ್‌ನ ಬಿಂಗ್ 2016ರಲ್ಲಿ, ಗೂಗಲ್ 2018ರಲ್ಲಿ, ಮೂರನೆಯವರು ನೀಡುವ ತಾಂತ್ರಿಕ ನೆರವಿನ ಜಾಹೀರಾತುಗಳಿಗೆ ಕಡಿವಾಣ ಹಾಕಿದವು. 2024ರಲ್ಲಿ ಭಾರತವೊಂದರಲ್ಲೇ 29 ಲಕ್ಷ ಜಾಹೀರಾತುದಾರ ಖಾತೆಗಳನ್ನು ತಡೆಹಿಡಿದು 24.74 ಕೋಟಿ ಜಾಹೀರಾತುಗಳನ್ನು ತೆಗೆದಿದ್ದಾಗಿ ಗೂಗಲ್ ಹೇಳಿಕೊಂಡಿದೆ. ಶ್ರಮ ನಿಜ. ಆದರೆ ವೈಟ್‌ಫೀಲ್ಡ್‌ನ ದಾಳಿ ನಡೆದ ಅದೇ ನವೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಆಂತರಿಕ ದಾಖಲೆಗಳನ್ನು ಪ್ರಕಟಿಸಿತು. 2024ರ ವರಮಾನದ ಸುಮಾರು ಶೇ 10ರಷ್ಟು, ಅಂದರೆ 1,600 ಕೋಟಿ ಡಾಲರ್, ವಂಚನೆಯ ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ ಬರಬಹುದೆಂದು ಕಂಪನಿಯೇ ಅಂದಾಜಿಸಿತ್ತು. ಜಾಹೀರಾತುದಾರ ವಂಚಕನೇ ಎಂದು ಶೇ 95ರಷ್ಟು ಖಚಿತವಾದರೆ ಮಾತ್ರ ನಿಷೇಧ. ಅದಕ್ಕಿಂತ ಕಡಿಮೆ ಅನುಮಾನವಿದ್ದರೆ ಅವನಿಂದ ಹೆಚ್ಚಿನ ದರ ವಸೂಲಿ. ಆ ಅಂದಾಜು ಸ್ಥೂಲವಾದದ್ದು, ಎಲ್ಲವನ್ನೂ ಸೇರಿಸಿ ಉಬ್ಬಿಸಿದ್ದು ಎಂದು ಮೆಟಾ ಸಮಜಾಯಿಷಿ ಕೊಟ್ಟಿತು. ಹಾಗೇ ಇರಲಿ. ಅನುಮಾನವಿರುವ ಗಿರಾಕಿಯನ್ನು ಹೊರಗೆ ಹಾಕದೆ ದುಬಾರಿ ದರಕ್ಕೆ ಒಳಗಿಟ್ಟುಕೊಳ್ಳುವ ನೀತಿಯನ್ನು ಯಾವ ಸ್ಥೂಲ ಅಂದಾಜೂ ಸಮರ್ಥಿಸಲಾರದು. ಪತ್ರಿಕೆಯೊಂದು ಹೀಗೆ ಜಾಹೀರಾತು ತೆಗೆದುಕೊಂಡಿದ್ದರೆ ಅದರ ಕಚೇರಿಯ ಮುಂದೆ ಜನ ನಿಲ್ಲುತ್ತಿದ್ದರು.

ಪೊಲೀಸರ ದಾಳಿಗಳು ನಡೆಯುತ್ತಲೇ ಇವೆ. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಜಂಟಿಯಾಗಿ ಕೊಟ್ಟ ದೂರನ್ನೂ ಸೇರಿಸಿಕೊಂಡು 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳ 76 ಕಡೆ ಶೋಧ ನಡೆಸಿತು. ಆದರೂ ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳ ಪ್ರಕಾರ ಈ ಬಗೆಯ ವಂಚನೆಯ ನಷ್ಟ 2023ರಲ್ಲಿ 92 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 146 ಕೋಟಿ ಡಾಲರ್‌ಗೆ ಏರಿತು. ಕಚೇರಿ ಮುಚ್ಚಿಸಿದರೆ ಇನ್ನೊಂದು ಕಟ್ಟಡದಲ್ಲಿ ತೆರೆಯುತ್ತದೆ. ಬಾಡಿಗೆ ಟೋಲ್‌ಫ್ರೀ ನಂಬರು ಇಂಟರ್ನೆಟ್ ಮೂಲಕ ಯಾವ ಊರಿನಲ್ಲಿ ಬೇಕಾದರೂ ರಿಂಗಣಿಸುತ್ತದೆ. ಜಾಹೀರಾತಿನ ಬಾಗಿಲು ತೆರೆದಿರುವವರೆಗೆ ಕಟ್ಟಡಗಳ ಮೇಲಿನ ದಾಳಿ ಅರ್ಧ ಕೆಲಸವಾಗಿಯೇ ಉಳಿಯುತ್ತದೆ.

ಆ ಬಾಗಿಲು ಮುಚ್ಚುವವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. ಕಂಪನಿಯ ನಂಬರನ್ನು ಹುಡುಕಾಟದಿಂದ ತೆಗೆಯಬೇಡಿ. ಬಿಲ್ಲು, ವಾರಂಟಿ ಕಾರ್ಡು, ಎಟಿಎಂ ಕಾರ್ಡಿನ ಹಿಂಬದಿ, ಕಂಪನಿಯ ಸ್ವಂತ ಆ್ಯಪ್, ಇವುಗಳಿಂದ ತೆಗೆಯಿರಿ. ಬ್ಯಾಂಕುಗಳ ತಾಣಗಳು ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬಂದಿವೆ, ಅದನ್ನು ನೋಡಿಕೊಳ್ಳಿ. ಹುಡುಕಾಟದ ಫಲಿತಾಂಶದ ಮೇಲೆ ‘ಪ್ರಾಯೋಜಿತ’ ಎಂದಿದ್ದರೆ ಆ ಜಾಗವನ್ನು ಯಾರೋ ಹಣ ಕೊಟ್ಟು ಕೊಂಡಿದ್ದಾರೆ ಎಂದರ್ಥ. ನಿಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಒತ್ತಿಸುತ್ತಿದ್ದಾರೆ ಎಂದರೆ ಹಣ ಹೊರಗೆ ಹೋಗುತ್ತಿದೆ. ಪರದೆ ಹಂಚಿಕೊಳ್ಳುವ ತಂತ್ರಾಂಶ ಈಗಾಗಲೇ ಹಾಕಿಸಿಬಿಟ್ಟಿದ್ದರೆ ಮೊದಲು ವೈಫೈ ಮತ್ತು ಮೊಬೈಲ್ ಡೇಟಾ ಆರಿಸಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವ ಮೊದಲ ಒಂದೆರಡು ಗಂಟೆಯಲ್ಲಿ ದೂರು ಬಂದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮತ್ತು ಇಂದೇ ಮನೆಯ ಹಿರಿಯರ ಫೋನ್ ಕೈಗೆ ತೆಗೆದುಕೊಂಡು ಅವರ ಬ್ಯಾಂಕು, ಗ್ಯಾಸ್ ಏಜೆನ್ಸಿ, ಬೆಸ್ಕಾಂ, ಫಿಲ್ಟರ್ ಕಂಪನಿಯ ಅಸಲಿ ನಂಬರುಗಳನ್ನೂ 1930ನ್ನೂ ಹೆಸರು ಹಾಕಿ ಸೇವ್ ಮಾಡಿಕೊಡಿ.